ಪ್ಫಂಡ್ ಅಂದರೆ ಏನು?

2022ರ ಅಕ್ಟೋಬರ್. ಕೆಲಸಕ್ಕೆ ಅಂತ ಜರ್ಮನಿಯ ಫ್ರಾಂಕ್‌ಫರ್ಟಿಗೆ ಬಂದು ಎರಡೇ ದಿನ ಆಗಿತ್ತು. ಮನೆ ಹತ್ತಿರದ ಸೂಪರ್‌ಮಾರ್ಕೆಟ್ಟಿಗೆ ಹೋಗಿ ಅಕ್ಕಿ, ಮೊಸರು, ಈರುಳ್ಳಿ, ಜೊತೆಗೆ ಒಂದೂವರೆ ಲೀಟರಿನ ಆರು ನೀರಿನ ಬಾಟಲಿ ತಂದೆ. ಮನೆಗೆ ಬಂದು ಬಿಲ್ ನೋಡುತ್ತಾ ಕೂತೆ. ಹೊಸ ಊರಿನಲ್ಲಿ ಯಾವುದಕ್ಕೆ ಎಷ್ಟು ಅಂತ ತಿಳಿಯಬೇಕಲ್ಲ. ಅಕ್ಕಿ ಗೊತ್ತಾಯಿತು, ಮೊಸರು ಗೊತ್ತಾಯಿತು. ನೀರಿಗೆ ಬಾಟಲಿಗೆ 29 ಸೆಂಟಿನ ಹಾಗೆ ಒಂದು ಯೂರೋ 74 ಸೆಂಟ್. ಅದರ ಕೆಳಗೆ ಇನ್ನೊಂದು ಸಾಲು. ಆರು ಸಲ 25 ಸೆಂಟ್, ಒಟ್ಟು ಒಂದೂವರೆ ಯೂರೋ. ಅದರ ಎದುರಿಗೆ ಒಂದೇ ಒಂದು ಪದ. ರೋಮನ್ ಅಕ್ಷರದಲ್ಲಿ ಪಿ, ಎಫ್, ಎ, ಎನ್, ಡಿ.

ಅಂಥ ಸಾಮಾನು ಯಾವುದನ್ನೂ ನಾನು ಬುಟ್ಟಿಗೆ ಹಾಕಿರಲಿಲ್ಲ. ಆದರೂ ನೀರಿಗೆ ಕೊಟ್ಟಷ್ಟೇ ದುಡ್ಡು ಹತ್ತಿರ ಹತ್ತಿರ ಅದಕ್ಕೂ ಕೊಟ್ಟಿದ್ದೆ.

ಈ ಒಂದು ಪದ ಮೂರು ವಾರ ನನ್ನ ತಲೆಯಲ್ಲೇ ಕೂತಿತ್ತು. ಅದರ ಬಗ್ಗೆ ಬರೆಯಬೇಕು ಅಂತ ಆಗಿನಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಯಾಕೆಂದರೆ ಫ್ರಾಂಕ್‌ಫರ್ಟಿನಲ್ಲಿ ಸಿಕ್ಕ ಈ ಪದದ ಅರ್ಥ ಪೂರ್ತಿಯಾಗಿ ನನಗೆ ಸಿಕ್ಕಿದ್ದು ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಕೂತ ಅಮ್ಮನ ಬಾಯಿಂದ.

ಮೊದಲ ಎರಡು ಅಕ್ಷರ ಪಿ ಮತ್ತು ಎಫ್. ಬೆಂಗಳೂರಿನಲ್ಲಿ ಎಂಟು ವರ್ಷ ಸಂಬಳದ ಚೀಟಿ ನೋಡಿದವನಿಗೆ ಪಿಎಫ್ ಅಂದರೆ ಪ್ರಾವಿಡೆಂಟ್ ಫಂಡ್ ಅಲ್ವಾ? ಕೊನೆಯ ನಾಲ್ಕು ಅಕ್ಷರ ನೋಡಿದರೆ ಅದು 'ಫಂಡ್' ಅನ್ನುವ ಹಾಗೂ ಕಾಣುತ್ತಿತ್ತು. ಯಾವುದೋ ನಿಧಿಗೆ ಹೋಗುವ ಹಣ ಇರಬೇಕು, ನೀರಿನ ಮೇಲೆ ಇಲ್ಲಿ ಏನಾದರೂ ಸೆಸ್ ಹಾಕುತ್ತಾರೋ ಏನೋ ಅಂದುಕೊಂಡೆ. ಆದರೆ ಜಿಎಸ್‌ಟಿ ಥರದ ತೆರಿಗೆ ಬಿಲ್ಲಿನ ಕೊನೆಯಲ್ಲಿ ಬೇರೆಯಾಗಿಯೇ ಇತ್ತು. ಅಲ್ಲದೆ ತೆರಿಗೆ ಅಂದರೆ ಶೇಕಡಾ ಲೆಕ್ಕ. ಇದು ಬಾಟಲಿಗೆ ಇಷ್ಟು ಅಂತ ಎಣಿಸಿ ಹಾಕಿದ್ದು. ಅಕ್ಕಿಗೆ ಇಲ್ಲ, ಮೊಸರಿಗೆ ಇಲ್ಲ, ನೀರಿಗೆ ಮಾತ್ರ.

ಆಮೇಲೆ ಎಲ್ಲರೂ ಮಾಡುವ ಕೆಲಸ ಮಾಡಿದೆ. ಫೋನಿನ ಅನುವಾದದ ಆ್ಯಪ್ ತೆಗೆದು, ಜರ್ಮನ್‌ನಿಂದ ಕನ್ನಡಕ್ಕೆ ಅಂತ ಒತ್ತಿ, ಆ ಐದು ಅಕ್ಷರ ಹಾಕಿದೆ. 'ಪ್ರತಿಜ್ಞೆ' ಅಂತ ಬಂತು.

ನೀರಿನ ಬಾಟಲಿಗೂ ಪ್ರತಿಜ್ಞೆಗೂ ಏನು ಸಂಬಂಧ? ಆಗ ಹೊಳೆಯಲಿಲ್ಲ, ಈಗ ಗೊತ್ತು. ಇಂಥ ಆ್ಯಪ್‌ಗಳು ಎಷ್ಟೋ ಸಲ ಜರ್ಮನ್‌ನಿಂದ ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಕನ್ನಡಕ್ಕೆ ಬರುತ್ತವೆ. ನಡುವೆ ಇಂಗ್ಲಿಷಿನ 'ಪ್ಲೆಡ್ಜ್' ನಿಂತಿರುತ್ತದೆ. ಆ ಪದಕ್ಕೆ ಎರಡು ಮುಖ. ಒಂದು ಶಾಲೆಯಲ್ಲಿ ಕೈ ಮುಂದೆ ಚಾಚಿ ಹೇಳುತ್ತಿದ್ದೆವಲ್ಲ, ಆ ಪ್ರತಿಜ್ಞೆ. ಇನ್ನೊಂದು ಬೇರೆಯದೇ. ಜರ್ಮನ್ ಪದಕ್ಕೆ ಇದ್ದದ್ದು ಆ ಇನ್ನೊಂದು ಅರ್ಥ. ದಾರಿಯಲ್ಲಿ ಅದು ಕಳೆದುಹೋಗಿ, ನನ್ನ ಕೈಗೆ ಬೇಡದ್ದು ಬಂದಿತ್ತು. ಹೊಸ ಪದ ಸಿಕ್ಕಾಗಲೆಲ್ಲ ನಾವು ಮೊದಲು ಇಂಗ್ಲಿಷಿನ ಬಾಗಿಲು ತಟ್ಟುತ್ತೇವೆ, ಅಲ್ಲಿ ಏನು ಸಿಕ್ಕಿತೋ ಅದನ್ನು ಕನ್ನಡಕ್ಕೆ ತರುತ್ತೇವೆ. ಆ್ಯಪ್ ಮಾಡಿದ್ದೂ ಅದನ್ನೇ.

ಮುಂದಿನ ಶನಿವಾರ ಕೊನ್‌ಸ್ಟಾಬ್ಲರ್‌ವಾಖೆ ಅನ್ನುವ ಚೌಕಕ್ಕೆ ಹೋದೆ. ಗುರುವಾರ ಮತ್ತು ಶನಿವಾರ ಅಲ್ಲಿ ರೈತರ ಸಂತೆ ಸೇರುತ್ತದೆ. ಸುತ್ತಮುತ್ತಲ ಹಳ್ಳಿಯವರು ತರಕಾರಿ, ಸೇಬು, ಜೇನು, ಬ್ರೆಡ್ ತಂದು ಮಾರುತ್ತಾರೆ. ನನ್ನ ಮುಂದೆ ನಿಂತಿದ್ದ ಅಜ್ಜಿಯೊಬ್ಬರು ಟೊಮ್ಯಾಟೊ ತೋರಿಸಿ 'ಐನ್ ಪ್ಫುಂಟ್' ಅಂದರು. ನನ್ನ ಕಿವಿ ನೆಟ್ಟಗಾಯಿತು. ಇದೇ ಪದ ಅಂತ ಅನಿಸಿತು. ಅಂಗಡಿಯಾಕೆ ತೂಕ ಮಾಡಿದರು, ತಕ್ಕಡಿಯ ಪರದೆಯಲ್ಲಿ ಅರ್ಧ ಕಿಲೋಗಿಂತ ಸ್ವಲ್ಪ ಜಾಸ್ತಿ ಬಂತು. ನಾನೂ ಹಾಗೇ ಕೇಳಿದೆ. ನನಗೂ ಅರ್ಧ ಕಿಲೋ ಸಿಕ್ಕಿತು.

ಹಾಗಾದರೆ ಅದು ತೂಕದ ಪದ ಇರಬೇಕು! ಮನೆಗೆ ಬಂದು ಹಳೆ ಬಿಲ್ ತೆಗೆದು ಮತ್ತೆ ನೋಡಿದೆ. ಒಂದೂವರೆ ಲೀಟರ್ ನೀರಿಗೆ ಅರ್ಧ ಕಿಲೋದ ಲೆಕ್ಕ ಹೇಗೆ ಹಾಕಿದರೂ ಕೂಡಲಿಲ್ಲ. ಕಣ್ಣು ಕಿರಿದು ಮಾಡಿ ನೋಡಿದಾಗ ಗೊತ್ತಾಯಿತು, ಬಿಲ್ಲಿನಲ್ಲಿ ಇರುವುದು 'ಎ', ಸಂತೆಯಲ್ಲಿ ನಾನು ಕೇಳಿದ್ದು 'ಯು'. ಒಂದು ಪ್ಫಂಡ್, ಇನ್ನೊಂದು ಪ್ಫುಂಡ್. ಅಜ್ಜಿ ಕೇಳಿದ್ದು ಪೌಂಡ್. ಜರ್ಮನ್ನರು ಮೆಟ್ರಿಕ್ ಲೆಕ್ಕಕ್ಕೆ ಬಂದು ಎಷ್ಟೋ ಕಾಲವಾದರೂ ಸಂತೆಯಲ್ಲಿ ಅರ್ಧ ಕಿಲೋಗೆ ಇಂದೂ ಪೌಂಡ್ ಅಂತಲೇ ಅನ್ನುತ್ತಾರೆ. ನಮ್ಮಲ್ಲಿ ಹಿರಿಯರು ಸೇರು, ಪಾವು ಅನ್ನುತ್ತಾರಲ್ಲ, ಹಾಗೆ.

ಸೋತೆ ಅನಿಸಿತು. ಆದರೆ ಆ ದಿನ ಬರೀ ಟೊಮ್ಯಾಟೊ ತಂದಿರಲಿಲ್ಲ. ಪ್ಫುಂಡ್ ಅಂದರೆ ಪೌಂಡ್ ಅನ್ನುವುದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಕೀಲಿಕೈ ಅಲ್ಲೇ ಇತ್ತು. ನಾನು ನೋಡಿರಲಿಲ್ಲ ಅಷ್ಟೇ.

ಅದಾದ ಮೇಲೊಂದು ಸಂಜೆ. ಚಳಿ ಇನ್ನೂ ಪೂರ್ತಿ ಹಿಡಿದಿರಲಿಲ್ಲ. ಆಫೀಸಿನ ಸಹೋದ್ಯೋಗಿಯೊಬ್ಬರ ಜೊತೆ ಮೈನ್ ನದಿಯ ದಡದಲ್ಲಿ, ಕಬ್ಬಿಣದ ಕಾಲುಸೇತುವೆಯ ಹತ್ತಿರ ಕೂತಿದ್ದೆ. ಅವರು ಉತ್ತರ ಜರ್ಮನಿಯ ಹ್ಯಾಂಬರ್ಗ್ ಕಡೆಯವರು. ನನ್ನ ಕೈಯಲ್ಲಿ ಸೇಬಿನ ರಸಕ್ಕೆ ಸೋಡಾ ಬೆರೆಸಿದ ಒಂದು ಪಾನೀಯ, ಇಲ್ಲಿ ಅದನ್ನು ಆಪ್ಫೆಲ್‌ಶೋರ್ಲೆ ಅನ್ನುತ್ತಾರೆ, ತುಂಬಾ ಚೆನ್ನಾಗಿರುತ್ತದೆ. ಬಾಟಲಿ ಖಾಲಿಯಾಗಿತ್ತು. ಒಬ್ಬ ಹಿರಿಯರು ಬಂದರು. ಶುಭ್ರವಾದ ಕೋಟು, ಕೈಯಲ್ಲಿ ದೊಡ್ಡ ಚೀಲ. ನನ್ನ ಬಾಟಲಿಯ ಕಡೆ ತೋರಿಸಿ ಮೆಲ್ಲಗೆ ಒಂದೇ ಪದ ಕೇಳಿದರು.

'ಫಂಟ್?'

ನನಗೆ ಅರ್ಥವಾಗಲಿಲ್ಲ. ಸಹೋದ್ಯೋಗಿ ಹೇಳಿದರು, 'ನಿಮಗೆ ಬೇಡವಾದರೆ ಬಾಟಲಿ ಅವರಿಗೆ ಕೊಡಿ. ಅದರ ಮೇಲೆ ಫಂಟ್ ಇದೆ, 25 ಸೆಂಟ್.' 25 ಸೆಂಟ್ ಅಂದ ತಕ್ಷಣ ಬಿಲ್ಲಿನ ಆ ಸಾಲು ಕಣ್ಣ ಮುಂದೆ ಬಂತು. ಬಾಟಲಿ ಕೊಟ್ಟೆ. ಆ ಹಿರಿಯರು ತಲೆಬಾಗಿ ಥ್ಯಾಂಕ್ಸ್ ಹೇಳಿ ಮುಂದಿನ ಬೆಂಚಿನ ಕಡೆ ಹೋದರು.

'ಆ ಪದ ಬರೆದು ತೋರಿಸಿ' ಅಂದೆ. ಅವರು ಫೋನಿನಲ್ಲಿ ಟೈಪ್ ಮಾಡಿದರು. ಪಿ, ಎಫ್, ಎ, ಎನ್, ಡಿ.

ಕೇಳಿದ್ದು ಫಂಟ್, ಬರೆದದ್ದು ಪ್ಫಂಡ್. ಅಷ್ಟು ದಿನ ಅಂಗಡಿಯಲ್ಲಿ, ಬಸ್ಸಿನಲ್ಲಿ, ಆಫೀಸಿನ ಅಡುಗೆಮನೆಯಲ್ಲಿ ಈ ಪದ ನನ್ನ ಕಿವಿಯ ಪಕ್ಕದಲ್ಲೇ ಎಷ್ಟು ಸಲ ಹಾದುಹೋಗಿತ್ತೋ. ನನಗೆ ಗುರುತು ಸಿಕ್ಕಿರಲಿಲ್ಲ. ಜರ್ಮನ್‌ನಲ್ಲಿ ಪದದ ಕೊನೆಗೆ ಡಿ ಬಂದರೆ ಅದನ್ನು 'ಟ್' ಅಂತಲೇ ಹೇಳುತ್ತಾರೆ. ನಾಯಿಗೆ ಹುಂಡ್ ಅಂತ ಬರೆದು ಹುಂಟ್ ಅನ್ನುತ್ತಾರೆ, ದುಡ್ಡಿಗೆ ಗೆಲ್ಡ್ ಅಂತ ಬರೆದು ಗೆಲ್ಟ್ ಅನ್ನುತ್ತಾರೆ. ಪದದ ಮೊದಲಲ್ಲಿ ಬರುವ 'ಪ್ಫ' ಹೇಳುವುದು ಅವರಿಗೂ ಕಷ್ಟ ಅಂತ ಕಾಣುತ್ತದೆ. ಅದರಲ್ಲೂ ಉತ್ತರದ ಕಡೆಯವರು ಮಾತಿನ ಓಟದಲ್ಲಿ ಬರೀ 'ಫ' ಅಂದುಬಿಡುತ್ತಾರೆ. ಹೀಗೆ ಎರಡೂ ತುದಿ ಬದಲಾಗಿ ಪದ ಬೇರೆಯೇ ಆಗಿ ಕಿವಿಗೆ ಬೀಳುತ್ತದೆ. ನಾನು ಕಣ್ಣಿನ ಪದವನ್ನೂ ಕಿವಿಯ ಪದವನ್ನೂ ಎರಡು ಬೇರೆ ಪದ ಅಂತ ಇಟ್ಟುಕೊಂಡಿದ್ದೆ.

ಸಹೋದ್ಯೋಗಿ ಎಲ್ಲ ಬಿಡಿಸಿ ಹೇಳಿದರು. ನೀವು ನೀರಿಗೆ 29 ಸೆಂಟ್ ಕೊಟ್ಟಿರಿ, ಬಾಟಲಿಗೆ ಬೇರೆ 25 ಸೆಂಟ್ ಕೊಟ್ಟಿರಿ. ಖಾಲಿ ಬಾಟಲಿ ಅಂಗಡಿಗೆ ವಾಪಸ್ ಕೊಟ್ಟರೆ ಆ 25 ಸೆಂಟ್ ನಿಮಗೆ ವಾಪಸ್. ಒಮ್ಮೆ ಬಳಸಿ ಬಿಸಾಡುವ ಬಾಟಲಿ ಮತ್ತು ಡಬ್ಬಿಗಳಿಗೆ ಈ ಪದ್ಧತಿ ಬಂದದ್ದು 2003ರ ಜನವರಿ 1ರಿಂದ. ತೊಳೆದು ಮತ್ತೆ ತುಂಬುವ ಬಾಟಲಿಗಳಿಗೆ ಅದಕ್ಕಿಂತ ಎಷ್ಟೋ ಮೊದಲಿನಿಂದ ಇತ್ತು. ಬಿಯರಿನ ಗಾಜಿನ ಬಾಟಲಿಗೆ 8 ಸೆಂಟ್, ಮತ್ತೆ ತುಂಬುವ ನೀರು-ಜ್ಯೂಸ್ ಬಾಟಲಿಗಳಿಗೆ 15. ಬಾಟಲಿ ಇಡುವ ಕ್ರೇಟಿಗೂ ಒಂದೂವರೆ ಯೂರೋ. 2022ರಿಂದ ಜ್ಯೂಸಿನ ಪ್ಲಾಸ್ಟಿಕ್ ಬಾಟಲಿಗಳೂ ಇದರೊಳಗೆ ಬಂದವು, ಆಮೇಲೆ 2024ರಲ್ಲಿ ಹಾಲಿನ ಪಾನೀಯದ ಬಾಟಲಿಗಳೂ ಸೇರಿದವು.

ನಾನು ಮೂರು ವಾರ ಆ ಬಾಟಲಿಗಳನ್ನೆಲ್ಲ ಕಸದ ಬುಟ್ಟಿಗೆ ಹಾಕಿದ್ದೆ. ದುಡ್ಡು ಹೋಯಿತು ಅನ್ನುವುದಕ್ಕಿಂತ ಆ ಹಿರಿಯರ ಚೀಲ ನೆನಪಾಗಿ ಬೇಜಾರಾಯಿತು. ಅಂಥವರು ಇಲ್ಲಿ ಬಹಳ ಜನ ಇದ್ದಾರೆ. ಪಿಂಚಣಿ ಸಾಲದವರು, ಕೆಲಸ ಇಲ್ಲದವರು, ರೈಲು ನಿಲ್ದಾಣ, ಪಾರ್ಕು, ಫುಟ್‌ಬಾಲ್ ಮೈದಾನದ ಸುತ್ತ ಬಾಟಲಿ ಆರಿಸುತ್ತಾರೆ. ಅದಕ್ಕೇ ಇಲ್ಲಿಯ ಎಷ್ಟೋ ಜನ ಬಾಟಲಿಯನ್ನು ಕಸದ ತೊಟ್ಟಿಯ ಒಳಗೆ ಹಾಕದೆ ಪಕ್ಕದಲ್ಲಿ ನಿಲ್ಲಿಸಿ ಹೋಗುತ್ತಾರೆ. ತೊಟ್ಟಿಯೊಳಗೆ ಕೈ ಹಾಕಿ ತಡಕಾಡುವ ಕಷ್ಟ, ಗಾಜು ತಾಗುವ ಭಯ ಅವರಿಗೆ ಇರಬಾರದು ಅಂತ. 'ಪ್ಫಂಡ್ ಪಕ್ಕದಲ್ಲಿರಲಿ' ಅನ್ನುವ ಅರ್ಥದ ಸ್ಟಿಕ್ಕರ್‌ಗಳನ್ನು ಅಂಟಿಸುವ ಒಂದು ಅಭಿಯಾನವೇ 2011ರಿಂದ ನಡೆಯುತ್ತಿದೆ. ಆ ಸಂಜೆಯವರೆಗೆ ತೊಟ್ಟಿಯ ಪಕ್ಕ ಸಾಲಾಗಿ ನಿಂತ ಬಾಟಲಿಗಳನ್ನು ನೋಡಿ ಇವರಿಗೆ ಒಳಗೆ ಹಾಕಲು ಏನು ಕಷ್ಟ ಅಂತ ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಒಂದು ಪದ ಗೊತ್ತಾದ ಮೇಲೆ ಅದೇ ಬಾಟಲಿಗಳು ಬೇರೆ ಥರ ಕಂಡವು.

ಮಾರನೇ ದಿನ ಮನೆಯಲ್ಲಿ ಉಳಿದಿದ್ದ ಬಾಟಲಿ ತೆಗೆದುಕೊಂಡು ಸೂಪರ್‌ಮಾರ್ಕೆಟ್ಟಿಗೆ ಹೋದೆ. ಒಳಗೆ ಮೂಲೆಯಲ್ಲಿ 'ಲೇರ್‌ಗೂಟ್' ಅಂತ ಬೋರ್ಡ್. ಲೇರ್ ಅಂದರೆ ಖಾಲಿ, ಗೂಟ್ ಅಂದರೆ ಸಾಮಾನು. ಅಲ್ಲಿ ಗೋಡೆಯಲ್ಲಿ ದುಂಡನೆ ಬಾಯಿರುವ ಒಂದು ಯಂತ್ರ. ಬಾಟಲಿ ಅಡ್ಡ ಮಲಗಿಸಿ ಒಳಗಿಟ್ಟರೆ ಅದು ಗಿರಗಿರ ತಿರುಗಿಸಿ ಮೈಮೇಲಿನ ಗುರುತು ಹುಡುಕುತ್ತದೆ. ಗುರುತು ಸಿಕ್ಕರೆ ಒಳಗೆ ಎಳೆದುಕೊಂಡು ಲಟಕ್ ಅಂತ ಜಜ್ಜುತ್ತದೆ. ಅದಕ್ಕೇ ಬಾಟಲಿಯನ್ನು ನಾವೇ ಮೊದಲು ಮುದುರಬಾರದು. ಎಲ್ಲ ಹಾಕಿ ಗುಂಡಿ ಒತ್ತಿದರೆ ಒಂದು ಚೀಟಿ ಬರುತ್ತದೆ, ಅದನ್ನು ಕೌಂಟರಿನಲ್ಲಿ ಕೊಟ್ಟರೆ ದುಡ್ಡು. ನನಗೆ 75 ಸೆಂಟ್ ಬಂತು.

ಇಷ್ಟಕ್ಕೆ ಕಥೆ ಮುಗಿಯಬೇಕಿತ್ತು. ಪ್ಫಂಡ್ ಅಂದರೆ ಬಾಟಲಿ ಡಿಪಾಸಿಟ್, ಅಷ್ಟೇ. ಆದರೆ ನನಗೆ ಸಮಾಧಾನ ಆಗಲಿಲ್ಲ. ಆ್ಯಪ್ 'ಪ್ರತಿಜ್ಞೆ' ಅಂತ ಯಾಕೆ ಹೇಳಿತು? ಅದಕ್ಕಿಂತ ಜಾಸ್ತಿ ಕಾಡಿದ್ದು ಸಹೋದ್ಯೋಗಿ ಹೇಳಿದ 'ಅದರ ಮೇಲೆ ಪ್ಫಂಡ್ ಇದೆ' ಅನ್ನುವ ಮಾತು. ಮೇಲೆ ಅಂದರೆ? ಮನೆ ಬಾಡಿಗೆಗೆ ನಾನು ಕೊಟ್ಟಿದ್ದ ಡಿಪಾಸಿಟ್‌ಗೆ ಇಲ್ಲಿ ಕೌಟ್ಸಿಯೋನ್ ಅನ್ನುತ್ತಾರೆ, ಅದು ಬೇರೆಯೇ ಪದ. ಎರಡೂ ಡಿಪಾಸಿಟ್ ಆಗಿದ್ದರೆ ಎರಡು ಪದ ಯಾಕೆ?

ಭಾನುವಾರ ಅಮ್ಮನಿಗೆ ಫೋನ್ ಮಾಡಿದಾಗ ಇದನ್ನೆಲ್ಲ ಹೇಳಿದೆ. ಯಂತ್ರ ಬಾಟಲಿ ತಿರುಗಿಸುವುದು, ಜಜ್ಜುವುದು, ಚೀಟಿ ಕೊಡುವುದು. ಅಮ್ಮ ಎಲ್ಲ ಕೇಳಿ ಹೇಳಿದರು, 'ಅದರಲ್ಲಿ ಎಂತ ಹೊಸದು ಮಾರಾಯ? ಮುಂಚೆ ಸೋಡಾ ಬಾಟ್ಲಿ ಮನೆಗೆ ತಂದ್ರೆ ಅಂಗಡೀಲಿ ದುಡ್ಡು ಇಟ್ಕೊಳ್ತಿರ್ಲಿಲ್ವಾ. ಬಾಟ್ಲಿ ಕೊಟ್ಟು ದುಡ್ಡು ಬಿಡಿಸ್ಕೊಂಡು ಬರೋದು. ನಿನ್ನ ದುಡ್ಡು ಅವರ ಹತ್ರ ಒತ್ತೆ ಇದ್ದ ಹಾಗೆ.'

ಒತ್ತೆ!

ಈ ಪದ ನನಗೆ ಗೊತ್ತಿರಲಿಲ್ಲ ಅಂತಲ್ಲ. ಪೇಪರಿನಲ್ಲಿ 'ಒತ್ತೆಯಾಳು' ಅಂತ ಎಷ್ಟು ಸಲ ಓದಿಲ್ಲ. ಆದರೆ ಅದರೊಳಗೆ 'ಒತ್ತೆ' ಅಂತ ಒಂದು ಪದ ಇದೆ, ಅದಕ್ಕೆ ಅದರದೇ ಅರ್ಥ ಇದೆ ಅಂತ ಯೋಚಿಸಿರಲೇ ಇಲ್ಲ. ಒತ್ತೆ, ಅಡ, ಅಡವು, ಗಿರವಿ. ಒಂದನ್ನು ವಾಪಸ್ ತರುತ್ತೇನೆ ಅನ್ನುವುದಕ್ಕೆ ಇನ್ನೊಂದನ್ನು ಕೊಟ್ಟು ಬರುವುದು. ಕೊಟ್ಟದ್ದು ನನ್ನದೇ, ಆದರೆ ಸದ್ಯಕ್ಕೆ ಅವರ ಕೈಯಲ್ಲಿ ಇರುತ್ತದೆ.

ಫೋನ್ ಇಟ್ಟು ಜರ್ಮನ್ ಡಿಕ್ಷನರಿ ತೆಗೆದೆ. ಪ್ಫಂಡ್ ಪದದ ಹಳೆಯ ಅರ್ಥ ಅದೇ. ಸಾಲಕ್ಕೆ ಒತ್ತೆಯಾಗಿ ಇಟ್ಟ ವಸ್ತು. ಇಂಗ್ಲಿಷಿನ 'ಪ್ಲೆಡ್ಜ್'ನ ಆ ಇನ್ನೊಂದು ಮುಖವೂ ಇದೇ. ಗಿರವಿ ಅಂಗಡಿಗೆ ಅವರು ಪ್ಫಂಡ್‌ಹೌಸ್ ಅನ್ನುತ್ತಾರೆ, ಪ್ಫಂಡ್ ಮನೆ. ಗಿರವಿ ಇಟ್ಟುಕೊಂಡು ಸಾಲ ಕೊಡುವವನು ಪ್ಫಂಡ್‌ಲೈಯರ್. ಬಾಟಲಿಗೆ ಕೊಡುವ ದುಡ್ಡು ಆ ಹಳೆ ಪದವನ್ನೇ ಹೊದ್ದುಕೊಂಡಿದೆ. 'ಅದರ ಮೇಲೆ ಪ್ಫಂಡ್ ಇದೆ' ಅನ್ನುವ ಮಾತೂ ಆಗ ತಿಳಿಯಿತು. ನಾವು 'ತೋಟದ ಮೇಲೆ ಸಾಲ ಇದೆ' ಅನ್ನುವುದಿಲ್ಲವಾ? ಅದೇ 'ಮೇಲೆ'.

ಅಮ್ಮ ಹೇಳಿದ ಇನ್ನೊಂದು ಪದವನ್ನು ಆಗ ನಾನು ಗಮನಿಸಿರಲಿಲ್ಲ. 'ಬಿಡಿಸ್ಕೊಂಡು ಬರೋದು' ಅಂದಿದ್ದರಲ್ಲ. ನಾನು ಹೈಸ್ಕೂಲಿಗೆ ಸೇರುವ ವರ್ಷ ಅಮ್ಮನ ಎರಡು ಬಳೆ ಅಡ ಹೋಗಿದ್ದವು. ಅಡಿಕೆ ಮಾರಿದ ಮೇಲೆ ಅಪ್ಪ ಬಿಡಿಸಿಕೊಂಡು ಬಂದರು. ಅಡವನ್ನು ನಾವು ಬಿಡಿಸುತ್ತೇವೆ. ಜರ್ಮನ್‌ನಲ್ಲಿ ಇದಕ್ಕೆ ಏನನ್ನುತ್ತಾರೆ ಅಂತ ನೋಡಿದರೆ, ಒತ್ತೆ ಬಿಡಿಸುವುದಕ್ಕೆ ಆವ್ಸ್‌ಲ್ಯೋಸೆನ್. ಯಂತ್ರದ ಚೀಟಿ ಕೊಟ್ಟು ದುಡ್ಡು ಪಡೆಯುವುದಕ್ಕೆ ಐನ್‌ಲ್ಯೋಸೆನ್. ಎರಡರಲ್ಲೂ ಇರುವುದು ಲ್ಯೋಸೆನ್, ಅಂದರೆ ಬಿಡಿಸು. ಗಂಟು ಬಿಡಿಸುವುದಕ್ಕೂ ಅದೇ ಪದ. ಒಗಟು ಬಿಡಿಸುವುದಕ್ಕೂ ಅದೇ! ಕನ್ನಡದಲ್ಲೂ ಗಂಟು ಬಿಡಿಸುತ್ತೇವೆ, ಅಡ ಬಿಡಿಸುತ್ತೇವೆ, ಒಗಟು ಬಿಡಿಸುತ್ತೇವೆ. ಒಂದಕ್ಕೊಂದು ನೆಂಟಸ್ತಿಕೆಯೇ ಇಲ್ಲದ ಎರಡು ಭಾಷೆಗಳು ಒಂದೇ ಕ್ರಿಯೆಯನ್ನು ಈ ಮೂರೂ ಕಡೆ ಹಚ್ಚಿವೆ. ಆ ರಾತ್ರಿ ಇದನ್ನು ಯಾರಿಗಾದರೂ ಹೇಳಬೇಕು ಅನಿಸಿ, ಊರಿನಲ್ಲಿ ಮಧ್ಯರಾತ್ರಿ ದಾಟಿದೆ ಅಂತ ಗೊತ್ತಿದ್ದೂ ಅಕ್ಕನಿಗೆ ಮೆಸೇಜ್ ಮಾಡಿದೆ.

ಇನ್ನು ಆ ಸದ್ದಿನ ವಿಷಯ. ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ.

ನೋಟ್‌ಬುಕ್ಕಿನಲ್ಲಿ ಪ್ಫುಂಡ್ ಅಂದರೆ ಪೌಂಡ್ ಅಂತ ಬರೆದಿದ್ದೆನಲ್ಲ. ಅದರ ಪಕ್ಕ ಆಪ್ಫೆಲ್ ಅಂದರೆ ಆ್ಯಪಲ್ ಅಂತ ಬರೆದೆ. ಅಂಗಡಿಯ ಬೋರ್ಡುಗಳಲ್ಲಿ ಓದಿದ್ದ ಇನ್ನಷ್ಟು ಪದ ಸೇರಿಸಿದೆ. ಪ್ಫಾನೆ ಅಂದರೆ ಪ್ಯಾನ್, ಬಾಣಲೆ. ಪ್ಫ್ಲಾಂಟ್ಸೆ ಅಂದರೆ ಪ್ಲಾಂಟ್, ಗಿಡ. ಪ್ಫೈಫೆ ಅಂದರೆ ಪೈಪ್. ಯೂರೋ ಬರುವ ಮುಂಚಿನ ಚಿಲ್ಲರೆ ಕಾಸು ಪ್ಫೆನಿಗ್, ಅದು ಪೆನ್ನಿ. ಸಾಲಾಗಿ ಬರೆದು ನೋಡಿದಾಗ ಎದ್ದು ಕಂಡಿತು. ಈ ಪದಗಳಲ್ಲಿ ಇಂಗ್ಲಿಷಿನ 'ಪ' ಇರುವ ಕಡೆ ಜರ್ಮನ್‌ನಲ್ಲಿ 'ಪ್ಫ', ಇಲ್ಲವೇ 'ಫ'. ಹಾಗಾದರೆ ಪ್ಫಂಡ್‌ಗೆ? 'ಪಾಂಡ್' ಥರದ್ದೇನೋ ಇರಬೇಕು. ಡಚ್ ಭಾಷೆಯಲ್ಲಿ ಒತ್ತೆಗೆ 'ಪಾಂಡ್' ಅಂತಲೇ ಇದೆ. ಇಂಗ್ಲಿಷಿನಲ್ಲಿ ಅದರ ನೆಂಟ 'ಪಾನ್', ಪಾನ್ ಬ್ರೋಕರ್ ಅನ್ನುತ್ತೇವಲ್ಲ, ನಮ್ಮ ಗಿರವಿ ಅಂಗಡಿಗಳ ಬೋರ್ಡಿನ ಮೇಲೆ ಇರುವ ಅದೇ ಪಾನ್. ಬೆಂಗಳೂರಿನಲ್ಲಿ ದಿನಾ ಆಫೀಸಿಗೆ ಹೋಗುವ ದಾರಿಯಲ್ಲಿ ಆ ಬೋರ್ಡ್ ನೋಡುತ್ತಿದ್ದೆ. ಚದುರಂಗದ ಪಾನ್ ಮಾತ್ರ ಬೇರೆ, ಅದು ಕಾಲಾಳು ಅನ್ನುವ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಕನ್ನಡದಲ್ಲೂ ಅದಕ್ಕೆ ಕಾಲಾಳು ಅಂತಲೇ ಅನ್ನುತ್ತೇವೆ.

ಭಾಷೆ ಓದಿದವರಿಗೆ ಇದು ಹಳೆ ವಿಷಯ. ಸುಮಾರು 6ರಿಂದ 8ನೇ ಶತಮಾನದ ಹೊತ್ತಿಗೆ ದಕ್ಷಿಣ ಜರ್ಮನಿಯ ಕಡೆ ಮಾತಿನಲ್ಲಿ 'ಪ' ಬದಲಾಗಿ 'ಪ್ಫ' ಆಯಿತು. ಉತ್ತರದ ತಗ್ಗು ಜರ್ಮನ್ ನುಡಿಗಳಲ್ಲಿ, ಡಚ್‌ನಲ್ಲಿ, ಇಂಗ್ಲಿಷಿನಲ್ಲಿ ಹಳೆಯ 'ಪ' ಹಾಗೇ ಉಳಿಯಿತು. ಫ್ರಾಂಕ್‌ಫರ್ಟ್ ನಡುವೆ ಇದೆ. ಇಲ್ಲಿ ಸೇಬಿನ ವೈನ್ ತುಂಬಾ ಪ್ರಸಿದ್ಧ. ಬಾಟಲಿಯ ಮೇಲೆ ಆಪ್ಫೆಲ್‌ವೈನ್ ಅಂತ ಬರೆದಿರುತ್ತದೆ, ಊರಿನ ಹಳಬರು ಬಾಯಲ್ಲಿ ಎಬ್ಬೆಲ್‌ವೊಯ್ ಅನ್ನುತ್ತಾರೆ. ಅವರ ಬಾಯಲ್ಲಿ ಆ 'ಪ್ಫ' ಇಲ್ಲವೇ ಇಲ್ಲ.

ಇದನ್ನು ನಾನು ಹೇಳುತ್ತಿದ್ದದ್ದು ಇಲ್ಲಿ ಪರಿಚಯವಾದ ಉಡುಪಿಯ ಗೆಳೆಯನಿಗೆ. ಅವನ ಮನೆಮಾತು ತುಳು. ಅವನು ಕೂತಲ್ಲೇ ನಕ್ಕು, 'ನೀವೂ ಅದನ್ನೇ ಮಾಡಿದ್ದಲ್ವಾ ಮಾರಾಯ?' ಅಂದ. 'ನಾವು ಪಿಲಿ ಅಂತೇವೆ, ನೀವು ಹುಲಿ. ನಾವು ಪೂ, ನೀವು ಹೂವು. ನಮಗೆ ಪತ್ತ್, ನಿಮಗೆ ಹತ್ತು.'

ಒಂದು ನಿಮಿಷ ನಾನು ಮಾತೇ ಆಡಲಿಲ್ಲ. ಶಾಲೆಯಲ್ಲಿ ಓದಿದ್ದೆವು ಇದನ್ನು. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರ ಆಗುತ್ತದೆ, ಪಾಲ್ ಹೋಗಿ ಹಾಲು, ಪೆಸರ್ ಹೋಗಿ ಹೆಸರು, ಪೊಸ ಹೋಗಿ ಹೊಸ. ಎರಡು ಮಾರ್ಕಿಗೆ ಬರುವ ಪ್ರಶ್ನೆ. ಸುಮಾರು 450ರ ಹಲ್ಮಿಡಿ ಶಾಸನದಲ್ಲಿ ಆ ಊರಿನ ಹೆಸರು ಕೂಡ ಶುರುವಾಗುವುದು 'ಪ'ದಿಂದಲೇ. ಸುತ್ತಲಿನ ತಮಿಳು, ತೆಲುಗು, ಮಲಯಾಳ, ತುಳು ಎಲ್ಲ 'ಪ' ಹಿಡಿದುಕೊಂಡೇ ಇವೆ, ಕನ್ನಡ ಮಾತ್ರ ಬಿಟ್ಟಿತು. ಅಲ್ಲಿ ಇಂಗ್ಲಿಷ್, ಡಚ್ 'ಪ' ಹಿಡಿದುಕೊಂಡಿವೆ, ಜರ್ಮನ್ ಬಿಟ್ಟಿತು. ಕನ್ನಡಿಗನಿಗೆ ತುಳು ಪದ ಅರ್ಥ ಮಾಡಿಕೊಳ್ಳಲು ಪಿಲಿ ಕೇಳಿದಾಗ ಹುಲಿ ನೆನೆದರೆ ಸಾಕು. ಜರ್ಮನ್ ಪದಕ್ಕೂ ನಾನು ಮಾಡಬೇಕಾದದ್ದು ಅದನ್ನೇ.

ಹೊರಗಿನಿಂದ ಆಮೇಲೆ ಬಂದ ಪದಗಳು ಮಾತ್ರ ಈ ಬದಲಾವಣೆಗೆ ಸಿಕ್ಕಿಲ್ಲ. ನಮ್ಮಲ್ಲಿ ಪೆನ್ನು ಹೆನ್ನು ಆಗಲಿಲ್ಲ, ಪೊಲೀಸ್ ಹೊಲೀಸ್ ಆಗಲಿಲ್ಲ. ಅವರಲ್ಲೂ ಪೋಸ್ಟ್, ಪಾರ್ಕ್, ಪೊಲಿತ್ಸೈ, ಪಾಪಿಯರ್ ಹಾಗೇ ಇವೆ. ಯಾವ ಪದ ಬದಲಾಗಿದೆ ಅಂತ ನೋಡಿದರೆ ಅದು ಯಾವಾಗಿನಿಂದ ಆ ಮನೆಯಲ್ಲಿದೆ ಅಂತ ಒಂದು ಅಂದಾಜು ಸಿಗುತ್ತದೆ.

ಅದನ್ನೇ ಹಿಡಿದು ನನ್ನ ಪಟ್ಟಿಯಲ್ಲಿದ್ದ ಇನ್ನೊಂದು ಪದಕ್ಕೆ ಬಂದೆ. ಪ್ಫೆಫರ್. ಮಸಾಲೆಯ ಶೆಲ್ಫಿನಲ್ಲಿ ಮೊದಲ ದಿನವೇ ಡಬ್ಬಿ ನೋಡಿ ಗುರುತಿಸಿದ್ದೆ, ಪೆಪ್ಪರ್, ಕಾಳುಮೆಣಸು. 'ಪ್ಫ' ಇದೆ, ಅಂದರೆ ಈ ಪದ ಜರ್ಮನ್‌ಗೆ ಬಂದದ್ದು ಆ ಬದಲಾವಣೆ ಆಗುವ ಮುಂಚೆ. ರೋಮನ್ನರ ಕಾಲದಲ್ಲಿ ಅಂತಾಯಿತು. ಅದು ಸರಿಯೇ. 408ರಲ್ಲಿ ಜರ್ಮನಿಕ್ ಬುಡಕಟ್ಟಾದ ಗೋಥರ ದೊರೆ ಅಲಾರಿಕ್ ರೋಮ್ ನಗರಕ್ಕೆ ಮುತ್ತಿಗೆ ಹಾಕಿದಾಗ, ಮುತ್ತಿಗೆ ತೆಗೆಯಲು ಚಿನ್ನ, ಬೆಳ್ಳಿಯ ಜೊತೆ 3000 ಪೌಂಡ್ ಕಾಳುಮೆಣಸನ್ನೂ ಕೇಳಿದ್ದ. ಲ್ಯಾಟಿನ್‌ನಲ್ಲಿ ಪಿಪೆರ್, ಅದಕ್ಕೂ ಮುಂಚೆ ಗ್ರೀಕಿನಲ್ಲಿ ಪೆಪೆರಿ, ಗ್ರೀಕಿಗೆ ಅದು ಹೋದದ್ದು ನಮ್ಮ ದೇಶದಿಂದ. ಪಿಪ್ಪಲಿ ಅನ್ನುವ ಪದ.

ಪಿಪ್ಪಲಿಗೆ ಕನ್ನಡದಲ್ಲಿ ಏನನ್ನುತ್ತೇವೆ? ಹಿಪ್ಪಲಿ!

ಕೆಮ್ಮು ಬಂದರೆ ಅಜ್ಜಿ ಹಿಪ್ಪಲಿ ಕುಟ್ಟಿ ಜೇನಿನಲ್ಲಿ ಕಲಸಿ ಕೊಡುತ್ತಿದ್ದರು. ಆ ಹಿಪ್ಪಲಿ ಮತ್ತು ಈ ಪ್ಫೆಫರ್ ಒಂದೇ ಪದ. ಒಂದೇ ಪಿಪ್ಪಲಿ, ನಮ್ಮಲ್ಲಿಗೆ ಬಂದು ಮೊದಲ 'ಪ' ಕಳೆದುಕೊಂಡು ಹಿಪ್ಪಲಿ ಆಯಿತು, ನಡುವಿನ ಒತ್ತು 'ಪ್ಪ' ಉಳಿಯಿತು. ಹಡಗು ಹತ್ತಿ ಅಷ್ಟು ದೂರ ಹೋಗಿ ಜರ್ಮನರ ಬಾಯಲ್ಲಿ ಎರಡೂ 'ಪ' ಕಳೆದುಕೊಂಡು ಪ್ಫೆಫರ್ ಆಯಿತು. ಹಿಪ್ಪಲಿ ಅಂದರೆ ಉದ್ದನೆಯದು, ಪೆಪ್ಪರ್ ಅಂದರೆ ದುಂಡನೆಯ ಕಾಳುಮೆಣಸು, ಪದ ಒಂದು ಬಳ್ಳಿಯಿಂದ ಇನ್ನೊಂದಕ್ಕೆ ಹಾರಿದೆ ನಿಜ. ಆದರೆ ಎರಡೂ ಒಂದೇ ಕುಟುಂಬದ ಬಳ್ಳಿಗಳು. ನಮ್ಮ ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಗಳನ್ನು ನೋಡುತ್ತಲೇ ಬೆಳೆದವನು ನಾನು. ಸೂಪರ್‌ಮಾರ್ಕೆಟ್ಟಿನ ಆ ಡಬ್ಬಿಯನ್ನು ಅವತ್ತು ಕೈಯಲ್ಲಿ ಹಿಡಿದು ಸುಮ್ನೆ ಸ್ವಲ್ಪ ಹೊತ್ತು ನಿಂತಿದ್ದೆ.

ಈ ಕೀಲಿ ಎಲ್ಲ ಬೀಗಕ್ಕೂ ಆಗುವುದಿಲ್ಲ. ಕುದುರೆಗೆ ಜರ್ಮನ್‌ನಲ್ಲಿ ಪ್ಫೇರ್ಡ್. ಅದರ 'ಫ' ತೆಗೆದು ಎಷ್ಟು ತಿರುಗಿಸಿದರೂ ನನಗೆ ಗೊತ್ತಿದ್ದ ಯಾವ ಪದವೂ ಬರಲಿಲ್ಲ, ಚಿತ್ರ ನೋಡಿಯೇ ಕಲಿಯಬೇಕಾಯಿತು. ಆದರೆ ಒತ್ತೆ ಅನ್ನುವ ಪದ ಕೈಗೆ ಬಂದ ಮೇಲೆ ಪ್ಫಂಡ್‌ನ ಇಡೀ ಸಂಸಾರ ತಾನಾಗಿ ಪರಿಚಯವಾಯಿತು. ಬ್ಯಾಂಕಿನ ಕಾಗದದಲ್ಲಿ ಪ್ಫೆಂಡುಂಗ್ ಅಂತ ಇತ್ತು. ಡಿಕ್ಷನರಿ ನೋಡುವ ಮುಂಚೆಯೇ ಸಾಲಕ್ಕೆ ಜಪ್ತಿ ಮಾಡುವುದಿರಬೇಕು ಅಂದುಕೊಂಡೆ, ಅದೇ ಆಗಿತ್ತು. ಸಹೋದ್ಯೋಗಿಯ ಮಗಳ ಹುಟ್ಟುಹಬ್ಬದಲ್ಲಿ ಮಕ್ಕಳು ಒಂದು ಆಟ ಆಡಿದರು. ಸೋತವರು ತಮ್ಮ ಹತ್ತಿರ ಇರುವ ಏನಾದರೂ ಕೊಡಬೇಕು, ಕೊನೆಗೆ ಹಾಡೋ ಕುಣಿತವೋ ಮಾಡಿ ಬಿಡಿಸಿಕೊಳ್ಳಬೇಕು. ಅದರ ಹೆಸರು ಪ್ಫೆಂಡರ್‌ಶ್ಪೀಲ್, ಒತ್ತೆಯಾಟ. ಒಂದು ಹುಡುಗಿ ತನ್ನ ಒಂದು ಕಾಲುಚೀಲ ಕೊಟ್ಟು ಕೂತಿದ್ದಳು.

ಡಿಸೆಂಬರಿನಲ್ಲಿ ಹಳೆ ಊರಿನ ಚೌಕದಲ್ಲಿ ಕ್ರಿಸ್‌ಮಸ್ ಸಂತೆ ನೆರೆದಿತ್ತು. ಮಕ್ಕಳಿಗಾಗಿ ಮಾಡುವ, ಬಿಸಿ ಮಾಡಿದ ಹಣ್ಣಿನ ರಸದ ಒಂದು ಕಪ್ ಕೇಳಿದೆ. ಅಂಗಡಿಯವರು ಬೆಲೆಯ ಜೊತೆ ನಾಲ್ಕು ಯೂರೋ ಜಾಸ್ತಿ ಹೇಳಿ, ಪಿಂಗಾಣಿ ಮಗ್ ತೋರಿಸಿ 'ಫಂಟ್' ಅಂದರು. ನಾನು ತಲೆಯಾಡಿಸಿ ಕೊಟ್ಟೆ. ಮಗ್ ಮೇಲೆ ಊರಿನ ಹಳೆ ಮನೆಗಳ ಚಿತ್ರ ಇತ್ತು, ಚೆನ್ನಾಗಿತ್ತು. ವಾಪಸ್ ಕೊಡಬಹುದಿತ್ತು. ಕೊಡಲಿಲ್ಲ.

ಮುಂದಿನ ಏಪ್ರಿಲ್‌ನಲ್ಲಿ ಊರಿಗೆ ಹೋದಾಗ ಅದನ್ನು ಅಮ್ಮನಿಗೆ ಕೊಟ್ಟು ಎಲ್ಲ ಹೇಳಿದೆ. ಅಮ್ಮ ಮಗ್ ತಿರುಗಿಸಿ ನೋಡಿ, 'ಹಾಗಾದ್ರೆ ನಿನ್ನ ನಾಲ್ಕು ಯೂರೋ ಇನ್ನೂ ಅಲ್ಲೇ ಒತ್ತೆ ಇದೆಯಾ? ಬಿಡಿಸ್ಕೊಳಲ್ವಾ?' ಅಂತ ಕೇಳಿದರು. ಇರಲಿ ಬಿಡಮ್ಮ ಅಂದೆ. ಅವರು ಅದನ್ನು ತೊಳೆದು ಒರೆಸಿ, ಆ ವರ್ಷ ಒಣಗಿಸಿದ ಮೆಣಸಿನ ಕಾಳು ತುಂಬಿ ಒಲೆಯ ಪಕ್ಕದ ಗೂಡಿನಲ್ಲಿಟ್ಟರು.